ಆಶ್ರಯದ ಅರ್ಜಿ ತಿರಸ್ಕಾರವಾದರೆ ಮುಂದೇನು?

2021ರ ಆಗಸ್ಟ್ 15ರಂದು ಕಾಬೂಲ್ ತಾಲಿಬಾನ್ ವಶವಾದಾಗ, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಓದುತ್ತಿದ್ದ ಅಫ್ಘನ್ ವಿದ್ಯಾರ್ಥಿಗಳಿಗೆ ಊರಿನ ದಾರಿ ಮುಚ್ಚಿದಂತಾಯಿತು. ಓದಲು ಬಂದವರೂ ಹೀಗೆ ಒಂದೇ ದಿನದಲ್ಲಿ ಆಶ್ರಯ ಕೇಳುವ ಸ್ಥಿತಿಗೆ ಬರಬಹುದು. ಅಂಥವರು ಆರ್.ಟಿ. ನಗರದಲ್ಲೋ ಯಲಹಂಕದಲ್ಲೋ ನಮ್ಮದೇ ಮನೆಗಳಲ್ಲಿ ಬಾಡಿಗೆಗಿರುತ್ತಾರೆ. ಒಂದು ದಿನ ತಿರಸ್ಕಾರದ ಪತ್ರ ಹಿಡಿದು "ಅಂಕಲ್, ಇದನ್ನ ಸ್ವಲ್ಪ ನೋಡ್ತೀರಾ?" ಎಂದು ಬಾಗಿಲಿಗೆ ಬಂದರೆ, ಮನೆ ಮಾಲೀಕರಿಗೂ ದಾರಿ ಗೊತ್ತಿರಬೇಕು.

ಮೊದಲು, ಪತ್ರ ಯಾರದೆಂದು ನೋಡಿ. ಭಾರತ 1951ರ ನಿರಾಶ್ರಿತರ ಒಡಂಬಡಿಕೆಗೆ ಸಹಿ ಹಾಕಿಲ್ಲ. ಆಶ್ರಯಕ್ಕೆಂದೇ ಪ್ರತ್ಯೇಕ ಕಾನೂನೂ ನಮ್ಮಲ್ಲಿಲ್ಲ. ಟಿಬೆಟಿಯನ್ನರು, ಶ್ರೀಲಂಕಾ ತಮಿಳರ ವಿಷಯ ಸರ್ಕಾರವೇ ನೋಡಿಕೊಳ್ಳುತ್ತದೆ. ಅಫ್ಘಾನಿಸ್ತಾನ, ಮ್ಯಾನ್ಮಾರ್, ಸೊಮಾಲಿಯಾದಂಥ ದೇಶದವರು ನಿರಾಶ್ರಿತರೋ ಅಲ್ಲವೋ ಎಂದು ಪರಿಶೀಲಿಸುವುದು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಯುಎನ್‌ಎಚ್‌ಸಿಆರ್. ವೀಸಾ ಕೊಡುವುದು ಮಾತ್ರ ಸರ್ಕಾರ: ಇಲ್ಲಿ ಶಾಂತಿನಗರ ಬಸ್ ನಿಲ್ದಾಣದ ಕಟ್ಟಡದಲ್ಲಿರುವ ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿ ಎಫ್‌ಆರ್‌ಆರ್‌ಒ, ಅದರ ಮೇಲೆ ಕೇಂದ್ರ ಗೃಹ ಸಚಿವಾಲಯ.

ಪತ್ರ ಯುಎನ್‌ಎಚ್‌ಸಿಆರ್‌ನದಾದರೆ, ಕೈಗೆ ಸಿಕ್ಕ ದಿನದಿಂದ 30 ದಿನದೊಳಗೆ ಮೇಲ್ಮನವಿ ಹಾಕಬೇಕು. ಲಕೋಟೆ ಎಸೆಯಬೇಡಿ, ಇ-ಮೇಲ್ ಅಳಿಸಬೇಡಿ. ತಲುಪಿದ ದಿನಕ್ಕೆ ಅದೇ ಸಾಕ್ಷಿ. ಮೇಲ್ಮನವಿಗೆ ಶುಲ್ಕವಿಲ್ಲ. ಮೊದಲು ತೀರ್ಮಾನಿಸಿದ ಅಧಿಕಾರಿ ಬಿಟ್ಟು ಬೇರೊಬ್ಬರು ಅದನ್ನು ನೋಡುತ್ತಾರೆ.

ಬಹಳ ಜನ ಎಡವುವುದು ಬರವಣಿಗೆಯಲ್ಲಿ. ಹೇಳಿದ ಕಥೆಯನ್ನೇ ಇನ್ನಷ್ಟು ಕಣ್ಣೀರು ಬೆರೆಸಿ ಹೇಳಿದರೆ ಉಪಯೋಗವಿಲ್ಲ. ತಿರಸ್ಕಾರಕ್ಕೆ ಕೊಟ್ಟ ಒಂದೊಂದು ಕಾರಣಕ್ಕೂ ಒಂದೊಂದು ಉತ್ತರ ಬೇಕು. ತಾರೀಖು ತಾಳೆಯಾಗಿಲ್ಲ ಎಂದಿದ್ದರೆ, ಅಲ್ಲಿನ ಕ್ಯಾಲೆಂಡರ್ ಬೇರೆ ಎಂದು ತಿಳಿಸಿ ಎರಡೂ ತಾರೀಖು ಬರೆಯಿರಿ; ಅಫ್ಘನ್ನರ ಸೌರ ವರ್ಷ ಮಾರ್ಚ್‌ನಲ್ಲಿ ಶುರುವಾಗುತ್ತದೆ. ದುಭಾಷಿ ತಪ್ಪಾಗಿ ಹೇಳಿದ್ದರೆ ಯಾವ ಮಾತು, ನಿಜಕ್ಕೂ ಹೇಳಿದ್ದೇನು ಎಂದು ತಿಳಿಸಿ. ನಾಚಿಕೆಯಿಂದ ಮುಚ್ಚಿಟ್ಟ ಹಿಂಸೆಯಿದ್ದರೆ ಅದನ್ನೂ, ಆಗ ಹೇಳದ ಕಾರಣವನ್ನೂ ಬರೆಯಬಹುದು. ಹೆಣ್ಣುಮಕ್ಕಳು ಮಹಿಳಾ ಅಧಿಕಾರಿ, ಮಹಿಳಾ ದುಭಾಷಿಯನ್ನು ಕೇಳಬಹುದು. ದಯವಿಟ್ಟು ಒಂದೇ ಒಂದು ಸುಳ್ಳು ಕಾಗದವನ್ನೂ ಸೇರಿಸಬೇಡಿ. ಅದರಿಂದ ನಿಜವೂ ಸಾಯುತ್ತದೆ.

ಆದೇಶ ಎಫ್‌ಆರ್‌ಆರ್‌ಒ ಅಥವಾ ಸಚಿವಾಲಯದ್ದಾದರೆ ದಾರಿ ಹೈಕೋರ್ಟಿನದು. ಸಂವಿಧಾನದ 226ನೇ ವಿಧಿಯಡಿ ರಿಟ್ ಅರ್ಜಿ. ಯಶವಂತಪುರದವರು ಹಸಿರು ಮೆಟ್ರೊ ಹಿಡಿದು, ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಿಸಿ, ವಿಧಾನಸೌಧ ನಿಲ್ದಾಣದಲ್ಲಿ ಇಳಿದರೆ ಕೋರ್ಟು ಎದುರಿಗೇ. ವಕೀಲರಿಗೆ ಹಣವಿಲ್ಲವೇ? ಅಲ್ಲಿಯೇ ಹೈಕೋರ್ಟ್ ಕಾನೂನು ಸೇವಾ ಸಮಿತಿಯಿದೆ; 15100ಕ್ಕೂ ಕರೆ ಮಾಡಬಹುದು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ಮಹಿಳೆಯರನ್ನು, ಮಕ್ಕಳನ್ನು, ಬಂಧನದಲ್ಲಿರುವವರನ್ನು ಹೆಸರಿಸಿದೆ, ಪೌರತ್ವ ಕೇಳಿಲ್ಲ.

ಏಕಸದಸ್ಯ ಪೀಠದಲ್ಲಿ ಸೋತರೆ 30 ದಿನದೊಳಗೆ ವಿಭಾಗೀಯ ಪೀಠಕ್ಕೆ ರಿಟ್ ಮೇಲ್ಮನವಿ. ಇದಕ್ಕೆ ಯಾರ ಅನುಮತಿಯೂ ಬೇಡ. ಅಲ್ಲಿಯೂ ಸೋತರೆ 90 ದಿನದೊಳಗೆ ಸುಪ್ರೀಂ ಕೋರ್ಟಿಗೆ. ಅನುಮತಿಯ ಮಾತು ಬರುವುದು ಇಲ್ಲಿ: 136ನೇ ವಿಧಿಯಡಿ 'ವಿಶೇಷ ಅನುಮತಿ' ಕೇಳಬೇಕು, ಕೋರ್ಟು ಒಪ್ಪಿದರಷ್ಟೇ ಅದು ಮೇಲ್ಮನವಿಯಾಗುತ್ತದೆ.

ನ್ಯಾಯಾಲಯಗಳ ನಿಲುವನ್ನೂ ಮುಚ್ಚಿಡಬಾರದು. 1996ರಲ್ಲಿ ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, 21ನೇ ವಿಧಿಯ ಜೀವದ ರಕ್ಷಣೆ ಪ್ರಜೆಗಳಲ್ಲದವರಿಗೂ ಇದೆ ಎಂದಿತು. 2021ರ ಏಪ್ರಿಲ್ 8ರಂದು ರೋಹಿಂಗ್ಯಾ ಪ್ರಕರಣದಲ್ಲಿ, ಗಡೀಪಾರಾಗದಿರುವ ಹಕ್ಕು ಪ್ರಜೆಗಳಿಗಷ್ಟೇ ಸೇರಿದ್ದು, ಆದರೆ ನಿಗದಿತ ಕ್ರಮ ಬಿಟ್ಟು ಯಾರನ್ನೂ ಕಳಿಸುವಂತಿಲ್ಲ ಎಂದಿತು. ಹಾಗಾಗಿ ಕ್ರಮದಲ್ಲಿ ಎಲ್ಲಿ ಲೋಪವಾಗಿದೆ ಎಂಬುದನ್ನು ವಕೀಲರು ಮೊದಲು ಹುಡುಕಬೇಕು.

ಇಷ್ಟೆಲ್ಲ ನಡೆಯುವಾಗ ಇರುವ ವೀಸಾ ಮುಗಿಯದಂತೆ ಇ-ಎಫ್‌ಆರ್‌ಆರ್‌ಒ ಜಾಲತಾಣದಲ್ಲಿ ವಿಸ್ತರಣೆ ಕೇಳುತ್ತಿರಬೇಕು. ಯುಎನ್‌ಎಚ್‌ಸಿಆರ್ ಮೇಲ್ಮನವಿಯೂ ಬಿದ್ದು ಕಡತ ಮುಚ್ಚಿದ ಮೇಲೆ ಊರಿನ ಪರಿಸ್ಥಿತಿ ಬದಲಾದರೆ, ಹೊಸ ದಾಖಲೆ ಸಿಕ್ಕರೆ, ಅದನ್ನು ಮತ್ತೆ ತೆರೆಯಿರಿ ಎಂದು ಬರೆದು ಕೇಳಬಹುದು.