ಅಕ್ಕಲಕೋಟೆಯಿಂದ ಗಹುಂಜೆಗೆ: ಬ್ಯಾಟು ಹಿಡಿದ ಮಕ್ಕಳಿಗೊಂದು ದಾರಿನಕ್ಷೆ

ಅಕ್ಕಲಕೋಟೆ ತಾಲ್ಲೂಕಿನ ಬಹಳಷ್ಟು ಹಳ್ಳಿಗಳಲ್ಲಿ ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಟೆನಿಸ್ ಬಾಲ್ ಟೂರ್ನಿಯ ಮೈಕಿನಲ್ಲಿ ಎರಡೂ ಬೆರೆತು ಬರುತ್ತವೆ. ಅಂಥ ಟೂರ್ನಿಯಲ್ಲಿ ಸಿಕ್ಸರ್ ಮೇಲೆ ಸಿಕ್ಸರ್ ಬಾರಿಸುವ ಹುಡುಗನ ಅಪ್ಪನಿಗೆ ಊರವರು ಕೊಡುವ ಸಲಹೆ ಸಾಮಾನ್ಯವಾಗಿ ಎರಡು: ‘ಕಲಬುರ್ಗಿಗೆ ಕಳಸ್ರಿ’, ಇಲ್ಲವೇ ‘ಮುಂಬೈಗೆ ಕಳಸ್ರಿ’. ಎರಡೂ ತಪ್ಪು ವಿಳಾಸ.

ಮಹಾರಾಷ್ಟ್ರ ರಾಜ್ಯ ಒಂದೇ ಆದರೂ ಅದರೊಳಗೆ ಕ್ರಿಕೆಟ್ ಸಂಸ್ಥೆಗಳು ಮೂರು: ಮುಂಬೈ, ವಿದರ್ಭ ಮತ್ತು ಪುಣೆಯಲ್ಲಿ ಕಚೇರಿ ಇರುವ ಮಹಾರಾಷ್ಟ್ರ ಕ್ರಿಕೆಟ್ ಸಂಸ್ಥೆ. ಸೊಲ್ಲಾಪುರ ಜಿಲ್ಲೆ ಸೇರುವುದು ಮೂರನೆಯದಕ್ಕೆ. ಆದ್ದರಿಂದ ಅಕ್ಕಲಕೋಟೆಯ ಹುಡುಗನಾಗಲಿ ಹುಡುಗಿಯಾಗಲಿ ಮೊದಲು ತಟ್ಟಬೇಕಾದ ಬಾಗಿಲು ಸೊಲ್ಲಾಪುರದ ಜಿಲ್ಲಾ ಕ್ರಿಕೆಟ್ ಸಂಸ್ಥೆಯದು. ಅಲ್ಲಿಂದ ಮುಂದೆ ಪುಣೆ, ಹೊರವಲಯದ ಗಹುಂಜೆ ಕ್ರೀಡಾಂಗಣ. ಗಡಿಯಾಚೆಯ ಅಫಜಲಪುರ ಎಷ್ಟೇ ಹತ್ತಿರವಿದ್ದರೂ ಅದು ಕರ್ನಾಟಕ ಸಂಸ್ಥೆಯ ವ್ಯಾಪ್ತಿ. ಅಲ್ಲಿ ಆಡಬೇಕೆಂದರೆ ವಾಸ, ಓದಿನ ದಾಖಲೆಗಳೂ ಅಲ್ಲಿನವೇ ಇರಬೇಕಾಗುತ್ತದೆ.

ಬ್ಯಾಟಿಗಿಂತ ಮೊದಲು ಕಾಗದ

ಪ್ರತಿಭೆ ಇದ್ದೂ ಮಕ್ಕಳು ಮುಗ್ಗರಿಸುವ ಜಾಗ ಇದು. ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ಬೋನಾಫೈಡ್, ಅಂಕಪಟ್ಟಿ ಇಷ್ಟರಲ್ಲೂ ಹೆಸರು ಮತ್ತು ಹುಟ್ಟಿದ ದಿನ ಒಂದೇ ಇರಬೇಕು. ಗಡಿಭಾಗದಲ್ಲಿ ಇದು ಹೇಳಿದಷ್ಟು ಸುಲಭವಲ್ಲ. ಒಂದು ಕಾಗದದಲ್ಲಿ ಮಹಾರಾಷ್ಟ್ರದ ಪದ್ಧತಿಯಂತೆ ಹೆಸರು, ಅಪ್ಪನ ಹೆಸರು, ಅಡ್ಡಹೆಸರು. ಇನ್ನೊಂದರಲ್ಲಿ ಬರೀ ಇನಿಷಿಯಲ್. ಹೆರಿಗೆಗೆ ತವರಿಗೆ ಹೋದ ತಾಯಿಯ ಮಗುವಾದರೆ ಜನನದ ದಾಖಲೆಯೇ ಕರ್ನಾಟಕದ ಗ್ರಾಮ ಪಂಚಾಯಿತಿಯಲ್ಲಿ ಇರುತ್ತದೆ. ಮಗು ಹತ್ತು ವರ್ಷ ದಾಟುವುದರೊಳಗೆ ಇವನ್ನೆಲ್ಲ ಸರಿಪಡಿಸಿಟ್ಟುಕೊಂಡರೆ ಟ್ರಯಲ್ಲಿನ ಹಿಂದಿನ ದಿನ ತಹಶೀಲ್ದಾರ್ ಕಚೇರಿಗೆ ಓಡುವುದು ತಪ್ಪುತ್ತದೆ.

ವಯಸ್ಸು ಕಡಿಮೆ ತೋರಿಸುವ ಹಳೆಯ ಚಾಳಿಗೆ ಈಗ ಜಾಗವಿಲ್ಲ. ಕಿರಿಯರ ವಿಭಾಗಗಳಲ್ಲಿ ಬಿಸಿಸಿಐ ಎಡಗೈ ಮಣಿಕಟ್ಟಿನ ಎಕ್ಸ್‌ರೇ ತೆಗೆಸಿ ‘ಟಿಡಬ್ಲ್ಯೂ3’ ವಿಧಾನದಿಂದ ಮೂಳೆಯ ವಯಸ್ಸು ನೋಡುತ್ತದೆ. 2020ರಲ್ಲಿ ತಾವಾಗಿಯೇ ತಪ್ಪೊಪ್ಪಿಕೊಂಡವರಿಗೆ ಅದು ಒಮ್ಮೆ ಮಾಫಿ ಕೊಟ್ಟಿತು. ಆಮೇಲೆ ಸಿಕ್ಕಿಬಿದ್ದವರಿಗೆ ಎರಡು ವರ್ಷದ ನಿಷೇಧ. ವಯೋಮಿತಿಯ ಲೆಕ್ಕ ಸೆಪ್ಟೆಂಬರ್ 1ರಿಂದ ಹಿಡಿಯುತ್ತಾರೆ ಎಂಬುದೂ ನೆನಪಿರಲಿ. ಆಗಸ್ಟ್ ಕೊನೆಯಲ್ಲಿ ಹುಟ್ಟಿದ ಮಗು, ಒಂದೆರಡು ದಿನ ತಡವಾಗಿ ಹುಟ್ಟಿದ ಗೆಳೆಯನಿಗಿಂತ ಒಂದು ಸೀಸನ್ ಮೊದಲೇ ಆ ವಿಭಾಗದಿಂದ ಹೊರಬೀಳುತ್ತದೆ.

ಸೀಸನ್ ಬಾಲ್ ಬೇರೆಯೇ ಆಟ

ಟೆನಿಸ್ ಚೆಂಡು ಧೈರ್ಯ ಕಲಿಸುತ್ತದೆ, ಬ್ಯಾಟು ಬೀಸುವ ವೇಗವನ್ನೂ ಕೊಡುತ್ತದೆ. ಚೆಂಡು ಬಿಡುವುದನ್ನು ಮಾತ್ರ ಕಲಿಸುವುದಿಲ್ಲ. ಪುರುಷರ ಪಂದ್ಯದ ತೊಗಲಿನ ಚೆಂಡಿನ ತೂಕ 156ರಿಂದ 163 ಗ್ರಾಂ, ಮಹಿಳೆಯರದು 140ರಿಂದ 151 ಗ್ರಾಂ. ಹೊಸದಿದ್ದಾಗ ಸ್ವಿಂಗ್ ಆಗುವ, ಹೊಲಿಗೆ ಬಿದ್ದ ಕಡೆ ತಿರುಗುವ ಈ ಚೆಂಡಿನ ಮುಂದೆ ಹಳ್ಳಿಯ ಸಿಕ್ಸರ್ ವೀರರು ಸ್ಲಿಪ್ಪಿಗೆ ಕ್ಯಾಚು ಕೊಟ್ಟು ಬರುವುದು ದಿನನಿತ್ಯದ ನೋಟ. ಹನ್ನೊಂದು–ಹನ್ನೆರಡರ ವಯಸ್ಸಿಗೆ ಸೀಸನ್ ಬಾಲಿಗೆ ಬಂದರೆ ಒಳ್ಳೆಯದು. ಹದಿನಾರಕ್ಕೆ ಬಂದರೆ ತಡವೇ, ಆದರೂ ಆಸೆ ಬಿಡುವಷ್ಟು ತಡವಲ್ಲ.

ಖರ್ಚಿನ ವಿಷಯದಲ್ಲಿ ಒಂದು ಮಾತು. ಹಣವಿದ್ದರೆ ಅದು ಮೊದಲು ಹೆಲ್ಮೆಟ್, ಪ್ಯಾಡು, ಗ್ಲೌಸು, ಗಾರ್ಡಿಗೆ ಹೋಗಲಿ. ನೆಟ್ಸಿಗೆ ಕಾಶ್ಮೀರ ವಿಲೋ ಬ್ಯಾಟು ಸಾಕು. ಬೆಳೆಯುವ ಮಗುವಿಗೆ ‘ಮುಂದಕ್ಕೂ ಆಗುತ್ತೆ’ ಎಂದು ದೊಡ್ಡವರ ಬ್ಯಾಟು ಕೊಡಿಸುವುದಂತೂ ಬೇಡವೇ ಬೇಡ. ಭಾರದ ಬ್ಯಾಟು ಕೆಳಗೈ ಜೋರಿನ ಹೊಡೆತ ರೂಢಿಸುತ್ತದೆ, ಅದನ್ನು ಬಿಡಿಸಲು ಕೋಚ್‌ಗೆ ವರ್ಷಗಟ್ಟಲೆ ಬೇಕು. ಏಪ್ರಿಲ್–ಮೇನಲ್ಲಿ ಸೊಲ್ಲಾಪುರದ ಬಿಸಿಲು 40 ಡಿಗ್ರಿ ದಾಟುವುದರಿಂದ ಅಭ್ಯಾಸ ಬೆಳಗ್ಗೆಯೇ ಮುಗಿಯಬೇಕು.

ಮ್ಯಾಟಿನ ಮೇಲೆ ಕಲಿತವರಿಗೆ ಟರ್ಫ್ ಪಿಚ್ಚಿನ ರುಚಿಯೂ ಸಿಗಬೇಕು. ಸೊಲ್ಲಾಪುರದ ಇಂದಿರಾ ಗಾಂಧಿ ಕ್ರೀಡಾಂಗಣ, ಊರವರ ಬಾಯಲ್ಲಿ ಪಾರ್ಕ್ ಮೈದಾನ, ನವೀಕರಣಗೊಂಡ ಮೇಲೆ 2024ರ ಜನವರಿಯಲ್ಲಿ ಮತ್ತೆ ರಣಜಿ ಪಂದ್ಯ ಕಂಡಿತು. ಅಂಥ ಪಂದ್ಯ ಬಂದಾಗ ಮಕ್ಕಳನ್ನು ಒಂದಿಡೀ ದಿನ ಅಲ್ಲಿ ಕೂರಿಸಬೇಕು. ಆರಂಭಿಕ ಬ್ಯಾಟರ್ ಮೊದಲ ಗಂಟೆಯಲ್ಲಿ ಎಷ್ಟು ಚೆಂಡು ಆಡದೆ ಬಿಡುತ್ತಾನೆ ಎಂದು ಎಣಿಸಲು ಹೇಳಿ ನೋಡಿ. ಟಿ.ವಿ.ಯ ಹೈಲೈಟ್ಸಿನಲ್ಲಿ ಆ ಲೆಕ್ಕ ಸಿಗುವುದಿಲ್ಲ.

ಟ್ರಯಲ್, ತಂಡ, ಮೆಟ್ಟಿಲು

ಜಿಲ್ಲಾ ಟ್ರಯಲ್ಲಿನ ಸುದ್ದಿ ಮರಾಠಿ ದೈನಿಕಗಳ ಸ್ಥಳೀಯ ಪುಟದಲ್ಲಿ ಬರುತ್ತದೆ; ಕನ್ನಡ ಪತ್ರಿಕೆ ಮಾತ್ರ ಓದುವ ಮನೆಗಳಿಗೆ ತಪ್ಪಿಹೋಗುವುದು ಹೀಗೆಯೇ. ನೆಟ್ಸಿನಲ್ಲಿ ಸಿಗುವುದು ಕೆಲವೇ ಚೆಂಡು. ಅಷ್ಟರಲ್ಲಿ ಎಲ್ಲವನ್ನೂ ಎತ್ತಿ ಹೊಡೆಯುವವನಿಗಿಂತ ನೇರ ಬ್ಯಾಟಿನಲ್ಲಿ ಆಡಿ, ಕೆಟ್ಟ ಚೆಂಡನ್ನಷ್ಟೇ ದಂಡಿಸುವವನ ಮೇಲೆ ಆಯ್ಕೆಗಾರರ ಕಣ್ಣು ನಿಲ್ಲುತ್ತದೆ. ಜಿಲ್ಲಾ ತಂಡದಲ್ಲಿ ರನ್ ಬಂದರೆ ರಾಜ್ಯದ ಸಂಭಾವ್ಯರ ಪಟ್ಟಿ. ಅಲ್ಲಿಂದ ಬಿಸಿಸಿಐ ಮೆಟ್ಟಿಲುಗಳು: 16ರೊಳಗಿನವರಿಗೆ ವಿಜಯ್ ಮರ್ಚೆಂಟ್ ಟ್ರೋಫಿ, 19ರೊಳಗಿನವರಿಗೆ ವಿನೂ ಮಂಕಡ್ ಮತ್ತು ಕೂಚ್ ಬೆಹಾರ್, 23ರೊಳಗಿನವರಿಗೆ ಸಿ.ಕೆ. ನಾಯುಡು, ಆಮೇಲೆ ರಣಜಿ. ಆಯ್ಕೆ ಮಾಡಿಸಿಕೊಡುತ್ತೇನೆ ಎಂದು ಹಣ ಕೇಳುವವರು ಈ ಯಾವ ಮೆಟ್ಟಿಲಿನಲ್ಲೂ ಎದುರಾಗಬಹುದು. ಅವರಿಗೆ ಉತ್ತರ ಪೊಲೀಸ್ ಠಾಣೆಯಲ್ಲೇ.

ಈ ಏಣಿ ಹತ್ತಿದ ಸೊಲ್ಲಾಪುರದ ಹುಡುಗ ಅರ್ಶಿನ್ ಕುಲಕರ್ಣಿ. 2005ರ ಫೆಬ್ರವರಿಯಲ್ಲಿ ಹುಟ್ಟಿದ ಅವನು ಸೊಲ್ಲಾಪುರದಲ್ಲಿ ಆಟ ಶುರುಮಾಡಿ ಪುಣೆಗೆ ಹೋದ. 2023ರ ಜೂನ್‌ನಲ್ಲಿ ಗಹುಂಜೆಯಲ್ಲಿ ನಡೆದ ಮೊದಲ ಮಹಾರಾಷ್ಟ್ರ ಪ್ರೀಮಿಯರ್ ಲೀಗ್‌ನಲ್ಲಿ ಈಗಲ್ ನಾಸಿಕ್ ಟೈಟನ್ಸ್ ಪರ, ಋತುರಾಜ್ ಗಾಯಕವಾಡ್ ನಾಯಕರಾಗಿದ್ದ ಪುಣೇರಿ ಬಾಪ್ಪಾ ಎದುರು 54 ಚೆಂಡಿಗೆ 117 ಬಾರಿಸಿದ. ಅದರಲ್ಲಿ ಸಿಕ್ಸರ್ 13. ಬೌಲಿಂಗಿನಲ್ಲಿ ನಾಲ್ಕು ವಿಕೆಟ್ಟೂ ಕಿತ್ತ ಪಂದ್ಯವನ್ನು ತಂಡ ಒಂದು ರನ್ನಿನಿಂದ ಗೆದ್ದಿತು. ಡಿಸೆಂಬರ್‌ನ ಐಪಿಎಲ್ ಹರಾಜಿನಲ್ಲಿ ಲಖನೌ ತಂಡ 20 ಲಕ್ಷಕ್ಕೆ ಕೊಂಡಿತು. 2024ರ ಜನವರಿಯಲ್ಲಿ ದಕ್ಷಿಣ ಆಫ್ರಿಕಾದಲ್ಲಿ 19ರೊಳಗಿನವರ ವಿಶ್ವಕಪ್. ಅಮೆರಿಕ ಎದುರು 118 ಚೆಂಡಿಗೆ 108.

ಎರಡು ಶತಕಗಳ ಚೆಂಡಿನ ಲೆಕ್ಕ ಪಕ್ಕದಲ್ಲಿಟ್ಟು ನೋಡಿ. ಮೊದಲನೆಯದು ಬಾಗಿಲು ತೆರೆಸಿತು. ಒಳಗೆ ನಿಲ್ಲಿಸಿದ್ದು ಎರಡನೆಯ ಬಗೆಯ ಆಟ. 2025ರ ಜನವರಿಯಲ್ಲಿ ವಡೋದರಾದಲ್ಲಿ ವಿಜಯ್ ಹಜಾರೆ ಏಕದಿನ ಟೂರ್ನಿಯ ಕ್ವಾರ್ಟರ್ ಫೈನಲ್‌ನಲ್ಲಿ ಪಂಜಾಬ್ ವಿರುದ್ಧ 137 ಚೆಂಡು ತಾಳಿಕೊಂಡು 107 ಮಾಡಿದ್ದೂ ಅದೇ ಬಗೆ. ಸೆಮಿಫೈನಲ್‌ನಲ್ಲಿ 90 ಹೊಡೆದರೂ ಮಹಾರಾಷ್ಟ್ರ ಸೋತಿತು. ಎದುರಾಳಿ ವಿದರ್ಭದ ನಾಯಕ, 44 ಚೆಂಡಿಗೆ ಅಜೇಯ 88 ಬಾರಿಸಿದವರು ನಮ್ಮ ಕರುಣ್ ನಾಯರ್. ಕರ್ನಾಟಕ ತಂಡದಲ್ಲಿ ಜಾಗ ಕಳೆದುಕೊಂಡ ಮೇಲೆ 2023ರಲ್ಲಿ ಅಲ್ಲಿಗೆ ಹೋದವರು.

ಅಡ್ಡದಾರಿಯಲ್ಲ, ಬಳಸುದಾರಿ

ಕರುಣ್ ಹಿಡಿದ ದಾರಿ ಹೊಸಬರಿಗೂ ಇದೆ. ಸ್ವಂತ ಸಂಸ್ಥೆಯಿಂದ ನಿರಾಕ್ಷೇಪಣಾ ಪತ್ರ ಪಡೆದು ಬೇರೆ ರಾಜ್ಯಕ್ಕೆ ಅತಿಥಿ ಆಟಗಾರರಾಗಿ ಆಡಬಹುದು. ಸೊಲ್ಲಾಪುರ ಜಿಲ್ಲೆಯ ಮಿರೆ ಗ್ರಾಮದ ರೈತ ಕುಟುಂಬದ ಕಿರಣ್ ನವಗಿರೆ ಬೆಳಕಿಗೆ ಬಂದದ್ದು ಹೀಗೆ. ಗುಂಡು ಎಸೆತ, ಜಾವೆಲಿನ್‌ನಿಂದ ಕ್ರಿಕೆಟ್ಟಿಗೆ ಬಂದ ಆಕೆ ನಾಗಾಲ್ಯಾಂಡ್ ಪರ 2022ರಲ್ಲಿ ಗುವಾಹಟಿಯಲ್ಲಿ ಅರುಣಾಚಲದ ಎದುರು 76 ಚೆಂಡಿಗೆ ಅಜೇಯ 162 ಹೊಡೆದರು. ಟಿ20ಯಲ್ಲಿ 150 ದಾಟಿದ ಮೊದಲ ಭಾರತೀಯ ಆಟಗಾರ್ತಿ ಎನ್ನುವುದಷ್ಟೇ ಅಲ್ಲ, ಪುರುಷರಲ್ಲೂ ಅದುವರೆಗೆ ಯಾರೂ ಮಾಡಿರಲಿಲ್ಲ. ಅದೇ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನಲ್ಲಿ ಭಾರತ ತಂಡದ ಟೋಪಿ ಸಿಕ್ಕಿತು. ಅಲ್ಲಿ ಹೇಳಿಕೊಳ್ಳುವಂಥ ರನ್ ಬರಲಿಲ್ಲ, ಜಾಗ ಹೋಯಿತು. 2025ರ ಅಕ್ಟೋಬರ್‌ನಲ್ಲಿ ಅವರು ಮಹಾರಾಷ್ಟ್ರ ಪರ ನಾಗಪುರದಲ್ಲಿ ಪಂಜಾಬ್ ವಿರುದ್ಧ 34 ಚೆಂಡಿಗೆ ಶತಕ ಪೂರೈಸಿ ಮಹಿಳಾ ಟಿ20ಯ ಅತಿವೇಗದ ಶತಕದ ದಾಖಲೆ ಬರೆದರು.

ಹೆಣ್ಣುಮಕ್ಕಳ ಮನೆಯವರು ‘ಇದರಿಂದ ಹೊಟ್ಟೆ ತುಂಬೀತೇ’ ಎಂದು ಕೇಳುವುದು ಸಹಜ. ದೇಶೀಯ ಪಂದ್ಯದಲ್ಲಿ ಹಿರಿಯ ಮಹಿಳೆಯರಿಗೆ ದಿನಕ್ಕೆ 20,000 ಇದ್ದ ಸಂಭಾವನೆಯನ್ನು ಬಿಸಿಸಿಐ 2025ರ ಡಿಸೆಂಬರ್‌ನಲ್ಲಿ 50,000ಕ್ಕೆ ಏರಿಸಿತು. ಪುರುಷರಲ್ಲಿ ರಣಜಿಗೆ ಹೊಸಬರಾದವರಿಗೆ 2021ರಲ್ಲಿ ಗೊತ್ತುಮಾಡಿದ್ದು ದಿನಕ್ಕೆ 40,000. ಆದರೆ ಇದು ಹನ್ನೊಂದರಲ್ಲಿ ಆಡಿದ ದಿನಗಳ ಹಣ. ಆದ್ದರಿಂದ ಓದು ಬಿಡಿಸಿ ಆಡಿಸುವ ಅಪ್ಪಂದಿರಿಗೆ ಯಾರಾದರೂ ಬುದ್ಧಿ ಹೇಳಬೇಕು.

ಪುಣೆಗೆ ಯಾವಾಗ ಹೋಗಬೇಕು? ಜಿಲ್ಲಾ ತಂಡದಲ್ಲಿ ಜಾಗ ಗಟ್ಟಿಯಾದ ಮೇಲೆ, ಹದಿನಾಲ್ಕು–ಹದಿನೈದಕ್ಕೆ. ಅದಕ್ಕಿಂತ ಮೊದಲು ಸಂಸಾರ ಎತ್ತಿಕೊಂಡು ಹೋಗುವುದು ದುಬಾರಿ ಜೂಜು. ಸೊಲ್ಲಾಪುರದಿಂದ ಸುಮಾರು 250 ಕಿ.ಮೀ. ದಾರಿ, ಬೆಳಗಿನ ಹುತಾತ್ಮಾ ಎಕ್ಸ್‌ಪ್ರೆಸ್ ಇದೆ. ಮೊದಮೊದಲು ರಜೆಯ ಶಿಬಿರ, ಆಹ್ವಾನಿತ ಪಂದ್ಯಗಳಿಗೆ ಹೋಗಿಬಂದರೆ ಮಗುವಿನ ನಿಜವಾದ ಮಟ್ಟ ತಿಳಿಯುತ್ತದೆ.

ಸೊನ್ನೆ ಬಂದಾಗ

ಬಂದೇ ಬರುತ್ತದೆ. 2024ರ ಏಪ್ರಿಲ್ 30ರಂದು ಐಪಿಎಲ್‌ನ ತನ್ನ ಮೊದಲ ಪಂದ್ಯದಲ್ಲಿ ಅರ್ಶಿನ್ ಮುಂಬೈ ಎದುರು ಮೊದಲ ಚೆಂಡಿಗೇ ಎಲ್‌ಬಿಡಬ್ಲ್ಯೂ ಆದ. ಸೊಲ್ಲಾಪುರದಲ್ಲೇ 1926ರಲ್ಲಿ ಹುಟ್ಟಿ ಮುಂಬೈಯಲ್ಲಿ ಬೆಳೆದ ಪಾಲಿ ಉಮ್ರಿಗರ್ ಅವರ ಕಥೆ ಇನ್ನೂ ಕಠಿಣ. 1948ರಲ್ಲಿ ಟೆಸ್ಟ್‌ಗೆ ಕಾಲಿಟ್ಟ ಅವರು 1952ರ ಇಂಗ್ಲೆಂಡ್ ಪ್ರವಾಸದಲ್ಲಿ ಟ್ರೂಮನ್ ವೇಗಕ್ಕೆ ತತ್ತರಿಸಿ ನಾಲ್ಕು ಟೆಸ್ಟ್‌ಗಳಲ್ಲಿ ಗಳಿಸಿದ್ದು ಒಟ್ಟು 43 ರನ್. ಅದೇ ಪ್ರವಾಸದ ಪ್ರಥಮ ದರ್ಜೆ ಪಂದ್ಯಗಳನ್ನೆಲ್ಲ ಸೇರಿಸಿದರೆ 1,600ಕ್ಕೂ ಮಿಕ್ಕಿ ರನ್ನಿದ್ದವು. ಆಯ್ಕೆಗಾರರು ಆ ಎರಡನೆಯ ಲೆಕ್ಕವನ್ನೂ ನೋಡಿರಬೇಕು. ಮರುವರ್ಷದ ವೆಸ್ಟ್ ಇಂಡೀಸ್ ಪ್ರವಾಸಕ್ಕೆ ಉಮ್ರಿಗರ್ ಹೋದರು, ಐದು ಟೆಸ್ಟ್‌ಗಳಲ್ಲಿ 560 ರನ್ ಮಾಡಿದರು. ಟೆಸ್ಟ್‌ನಲ್ಲಿ ಭಾರತದ ಮೊದಲ ದ್ವಿಶತಕವೂ ಅವರದೇ, 1955ರಲ್ಲಿ ಹೈದರಾಬಾದಿನಲ್ಲಿ ನ್ಯೂಜಿಲೆಂಡ್ ಎದುರು 223.

ಹಾಗಾಗಿ ಮಗು ಆಡಿದ ಪ್ರತಿ ಪಂದ್ಯದ ಸ್ಕೋರ್‌ಶೀಟಿನ ನಕಲು ಮನೆಯಲ್ಲಿರಲಿ: ಎದುರಾಳಿ ಯಾರು, ಮ್ಯಾಟೋ ಟರ್ಫೋ, ಎಷ್ಟು ಚೆಂಡಿಗೆ ಎಷ್ಟು ರನ್, ಔಟಾದದ್ದು ಹೇಗೆ. ಮೂರು ಪಂದ್ಯದಲ್ಲಿ ಒಂದೇ ಬಗೆಯಲ್ಲಿ ಔಟಾಗಿದ್ದರೆ ಮುಂದಿನ ವಾರದ ಥ್ರೋಡೌನ್ ಅದೇ ಚೆಂಡಿಗೆ. ಈ ಬಾರಿ ಜಿಲ್ಲಾ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಕ್ಲಬ್ ಪಂದ್ಯಗಳಲ್ಲಿ ಆಡಿಸಿ, ಮುಂದಿನ ಸೀಸನ್ನಿನ ಟ್ರಯಲ್ಲಿಗೆ ಅದೇ ಫೈಲ್ ಹಿಡಿದುಕೊಂಡು ಹೋಗಬಹುದು.