ಎರಡನೇ ಕಾಲಿನ ಲೆಕ್ಕ

ಯವ್ವಾ, ನಿನ್ನೆ ರಾತ್ರಿ ನೀನು ಕಳಿಸಿದ ಫೋಟೊ ನೋಡಿದೆ. ಅಜ್ಜನಿಗೆ ಕಾಲುಚೀಲ ಹೆಣೆಯಲು ಕೂತವಳು ಸಮೋಸ ಹೆಣೆದಿದ್ದೀಯಲ್ಲ! ನಗಬೇಡ ಅಂತ ಕೆಳಗೆ ಬರೆದಿದ್ದೆ, ಅದನ್ನು ಓದುವ ಹೊತ್ತಿಗೆ ನಕ್ಕಾಗಿತ್ತು.

ಆಮೇಲೆ ಕನ್ನಡಕ ಹಾಕಿಕೊಂಡು, ಫೋಟೊ ದೊಡ್ಡದು ಮಾಡಿ ಎಣಿಸಿದೆ. ಮೊದಲ ಸಾಲಿನಲ್ಲಿ 28 ಕುಣಿಕೆ, ಕೊನೆಯ ಸಾಲಿನಲ್ಲಿ 11. ಮಿಕ್ಕವು ಎಲ್ಲಿ ಹೋದವು? ಸಾಲಿನ ತುದಿಯಲ್ಲಿರುವ ಕುಣಿಕೆ ಮುದುಡಿಕೊಂಡು ಕೂರುತ್ತದೆ, ಹೊಸಬರ ಕಣ್ಣಿಗೆ ಬೀಳುವುದೇ ಇಲ್ಲ. ಮುಗಿಯಿತು ಅಂದುಕೊಂಡು ನೀನು ಅದನ್ನು ಬಿಟ್ಟು ತಿರುಗಿಸಿದ್ದೀ, ಸಾಲಿಗೊಂದರಂತೆ ಬಿಡುತ್ತಾ ಹೋಗಿದ್ದೀ. ಇನ್ನು ಮೇಲೆ ಪ್ರತಿ ಸಾಲಿನ ಮೊದಲ ಕುಣಿಕೆ ಹಾಕಿದ ಕೂಡಲೇ ಅದಕ್ಕೊಂದು ಪಿನ್ನು ಸಿಕ್ಕಿಸು. ವಾಪಸು ಬರುವಾಗ ಆ ಪಿನ್ನಿನ ಮನೆಗೂ ಹೋಗಿ ಬಂದರೇನೇ ಸಾಲು ಮುಗಿದಂತೆ. ನನ್ನ ತಾಳಿ ಸರದಲ್ಲಿ ತೂಗಾಡುವ ನಾಲ್ಕು ಪಿನ್ನು ನೋಡಿ ನೀವೆಲ್ಲ ಆಡಿಕೊಳ್ಳುತ್ತಿದ್ದಿರಲ್ಲ, ಅವು ಇಂಥದಕ್ಕೇ ಇರುವುದು.

ಹಾಗಾದರೆ ಬಿಚ್ಚಬೇಕಾ ಅಂತೀ. ಬಿಚ್ಚಬೇಕು. ಅರಸೀಕೆರೆಯವರು ಬಿಚ್ಚಿ ಹೆಣೆಯುವುದಕ್ಕೆ ಬೇಜಾರು ಮಾಡಿಕೊಳ್ಳಬಾರದು. (ನಮ್ಮ ಊರಿನ ಹೆಸರು ಹೇಳಿದರೆ ಹಾಸ್ಟೆಲಿನಲ್ಲಿ ಎಲ್ಲರೂ ಹಾಸನ ಕಡೆಯ ರೈಲು ಜಂಕ್ಷನ್ ಅಂದುಕೊಳ್ಳುತ್ತಾರೆ ಅಂದಿದ್ದೆಯಲ್ಲ. ನನಗೂ ಹೇಳಿ ಹೇಳಿ ಸಾಕಾಗಿದೆ.) ಬಳ್ಳಾರಿಯಲ್ಲಿದ್ದ ನಮ್ಮ ಹರಪನಹಳ್ಳಿ ತಾಲೂಕನ್ನು 1997ರಲ್ಲಿ ಬಿಚ್ಚಿ ದಾವಣಗೆರೆ ಜಿಲ್ಲೆಗೆ ಹೆಣೆದರು. ಅಲ್ಲಿಂದ ಬಿಚ್ಚಿ ಮತ್ತೆ ಬಳ್ಳಾರಿಗೆ ಹೆಣೆದರು. 2021ರಲ್ಲಿ ಅದನ್ನೂ ಬಿಚ್ಚಿ ವಿಜಯನಗರಕ್ಕೆ ಸೇರಿಸಿದರು. ಕೂತ ಕಟ್ಟೆ ಬಿಟ್ಟು ಏಳದೆಯೇ ನಾನು ಮೂರು ಜಿಲ್ಲೆ ನೋಡಿದೆ. ನಿನ್ನದು ಬರೀ ಹದಿನೆಂಟು ಸಾಲು.

ಈ ಬಿಸಿಲ ಸೀಮೆಯಲ್ಲಿ ಉಲ್ಲನ್ ಕಾಲುಚೀಲ ಯಾರಿಗೆ ಬೇಕು ಅಂತ ನಿಮ್ಮಪ್ಪ ಕೇಳಿದ. ಸೀಮೆ ಅದೇ, ನೆಲ ಬೇರೆಯಾಗಿದೆ. ಹಳೇ ಮಾಳಿಗೆ ಮನೆಯಲ್ಲಿ ಸಗಣಿ ಸಾರಿಸಿದ ಮಣ್ಣಿನ ನೆಲ ಚಳಿಗಾಲದಲ್ಲಿ ಕಾಲು ಕಚ್ಚುತ್ತಿರಲಿಲ್ಲ. ಈಗ ಮನೆತುಂಬ ಕನ್ನಡಿಯಂಥ ಟೈಲ್ಸು. ಪುಷ್ಯ ಮಾಸದ ಬೆಳಗಿನ ಐದು ಗಂಟೆಗೆ ಮಂಚದಿಂದ ಕಾಲು ಕೆಳಗಿಟ್ಟರೆ ಕೆರೆಗೆ ಇಳಿದ ಹಾಗಾಗುತ್ತದೆ. ಅಜ್ಜ ದಿನಾ ಇಳಿಯುವುದು ಆ ಕೆರೆಗೇ. ಕೊಟ್ಟೂರು ತೇರು ಎಳೆಯುವ ಹೊತ್ತಿಗೆ ಚಳಿ ಇಳಿಮುಖ, ಶಿವರಾತ್ರಿಗೆ ಶಿವಶಿವಾ ಅಂತ ಹೊರಟೇ ಹೋಗುತ್ತದೆ. ಆದ್ದರಿಂದ ಸಂಕ್ರಾಂತಿಯೊಳಗೆ ಕೊಟ್ಟರೆ ಅದು ಕಾಲುಚೀಲ, ಆಮೇಲೆ ಕೊಟ್ಟರೆ ಪೆಟ್ಟಿಗೆಯೊಳಗಿನ ಸಾಮಾನು.

ನೀನು ಹಿಡಿದಿರುವ ಈ ಕ್ರೋಶಾ ನಮ್ಮ ಸೀಮೆಯ ಹಳೇ ಕಸುಬಲ್ಲ. ನಮ್ಮದೇನಿದ್ದರೂ ಕೌದಿ, ಕಂಬಳಿ. ತಾಂಡಾದ ಹೆಣ್ಣುಮಕ್ಕಳ ಕನ್ನಡಿ ಕಸೂತಿ. 2023ರ ಜುಲೈಯಲ್ಲಿ ಹಂಪಿಯ ಜಿ-20 ಸಭೆಯಲ್ಲಿ ಸಂಡೂರಿನ ಲಂಬಾಣಿ ಹೆಣ್ಣುಮಕ್ಕಳ 1755 ಕಸೂತಿಗಳನ್ನು ಒಟ್ಟಿಗೆ ಇಟ್ಟು ಗಿನ್ನೆಸ್ ದಾಖಲೆ ಮಾಡಿದರಲ್ಲ, ಅದು ನಮ್ಮ ನೆರೆಯವರ ಕೈ. ಕ್ರೋಶಾ ಕಡ್ಡಿಯನ್ನು ಈ ಕಡೆಗೆ ತಂದವರು ಮಿಷನರಿಗಳು. ಆಂಧ್ರದ ನರಸಾಪುರದಲ್ಲಿ ಹತ್ತೊಂಬತ್ತನೇ ಶತಮಾನದಲ್ಲಿ ಅವರು ಕಲಿಸಿದ ಲೇಸು ಇವತ್ತಿಗೂ ಊರಿಗೂರಿಗೇ ಅನ್ನ ಹಾಕುತ್ತಿದೆ. ನನಗೆ ಹೇಳಿಕೊಟ್ಟವರು ಶಾಲೆಯ ಹೊಲಿಗೆ ಟೀಚರು. ಬಾಗಿಲ ತೋರಣ, ರೇಡಿಯೋ ಮೇಲಿನ ಬಟ್ಟೆ, ಹಾಲಿನ ಪಾತ್ರೆಗೆ ಮಣಿ ಕಟ್ಟಿದ ಮುಚ್ಚಳ ಹೆಣೆದೆವು. ಕಾಲಿಗೆ ಹೆಣೆಯಬಹುದು ಅಂತ ಆಗ ಯಾರಿಗೂ ಹೊಳೆಯಲಿಲ್ಲ.

ಈಗ ನಿನ್ನ ಕೈಯ ವಿಷಯಕ್ಕೆ ಬರುತ್ತೇನೆ. ನಿನ್ನ ಕುಣಿಕೆಗಳು ಬಿಗಿಯಾಗಿವೆ, ಕಡ್ಡಿ ತೂರಿಸಲು ಗುದ್ದಾಡುತ್ತಿದ್ದೀ ಅನ್ನುವುದು ಇಲ್ಲಿಂದಲೇ ಕಾಣುತ್ತದೆ. ಹಡಗಲಿ ಮಲ್ಲಿಗೆ ಕಟ್ಟುವುದು ನೆನಪಿದೆಯಾ? ನಾಲ್ಕು ವರ್ಷದವಳಿದ್ದಾಗಲೇ ನನ್ನ ಮಗ್ಗುಲಲ್ಲಿ ಕೂತು ಕಲಿತೆ. ದಾರ ಜಗ್ಗಿದರೆ ತೊಟ್ಟು ಕತ್ತರಿಸಿ ಹೂವು ಉದುರುತ್ತದೆ, ಸಡಿಲ ಬಿಟ್ಟರೆ ಜಾರುತ್ತದೆ. ಹೂವಿಗೆ ನೋವಾಗದ ಹಾಗೆ ಎಡಗೈ ಬೆರಳು ತಾನೇ ದಾರ ಬಿಡುತ್ತಿರಲಿಲ್ಲವೇ, ಉಲ್ಲನ್ನನ್ನೂ ಹಾಗೇ ಬಿಡು. ಬಲಗೈ ಬರೀ ಕಡ್ಡಿ ಆಡಿಸುತ್ತದೆ, ಹದವೆಲ್ಲ ಎಡಗೈಯದು. ಹೂ ಕಟ್ಟಲು ಬರುವವಳಿಗೆ ಕ್ರೋಶಾ ಅರ್ಧ ಬಂದ ಹಾಗೇ. ನೀನು ನೋಡಿ ಕಲಿಯುವ ಮೊಬೈಲ್ ವಿಡಿಯೊದ ಹುಡುಗಿಗೆ ಇದು ಗೊತ್ತಿಲ್ಲ, ಅವಳಿಗೆ ಹೂ ಕಟ್ಟಲು ಬರುತ್ತೋ ಇಲ್ಲವೋ.

ನೀನು ಹೆಣೆದ ಆ ಕಪ್ಪು ದಾರ ಬದಿಗಿಡು. ಕಪ್ಪಿನಲ್ಲಿ ಹೊಸಬರಿಗೆ ಕುಣಿಕೆ ಕಾಣುವುದಿಲ್ಲ, ಮಿಂಚಿನ ಎಳೆ, ಪುಚ್ಚದ ಎಳೆ ಇರುವುದರಲ್ಲಂತೂ ನನಗೇ ಕಾಣುವುದಿಲ್ಲ. ಪೇಟೆಗೆ ಹೋದಾಗ ತಿಳಿ ಬಣ್ಣದ, ನಯವಾದ ಸಾದಾ ಉಲ್ಲನ್ ತಾ. 150 ಗ್ರಾಂ ತಂದರೆ ಒಂದು ಜೊತೆಗೆ ಧಾರಾಳ. ಎಲ್ಲ ಉಂಡೆಗಳನ್ನೂ ಒಂದೇ ಸಲ ಕೊಂಡು, ಚೀಟಿಯ ಮೇಲಿನ ಲಾಟ್ ನಂಬರು ಒಂದೇ ಇದೆಯಾ ನೋಡು, ಇಲ್ಲದಿದ್ದರೆ ಬಣ್ಣ ಕೂದಲೆಳೆಯಷ್ಟು ವ್ಯತ್ಯಾಸ ಬರುತ್ತದೆ. ಉಲ್ಲನ್ ಅಂತ ಕರೆದರೂ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಅಕ್ರಿಲಿಕ್. ತೊಳೆಯಲು ಸುಲಭ, ಆದರೆ ಬೆಂಕಿ ಹತ್ತಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಬಚ್ಚಲ ಒಲೆ ಮುಂದೆ ಅದನ್ನು ಹಾಕಿಕೊಂಡು ಕೂರಬೇಡ ಅಂತ ಅಜ್ಜನಿಗೆ ನಾನು ಹೇಳುತ್ತೇನೆ. ಕಡ್ಡಿ 5 ಮಿ.ಮೀ.ದು ಇರಲಿ, ಎರಡು ಎಳೆ ಜೋಡಿಸಿ ಹೆಣಿ. ನನ್ನ ಪೆಟ್ಟಿಗೆಯ ಸಣ್ಣ ಸ್ಟೀಲ್ ಕಡ್ಡಿಗಳು ಲೇಸಿನವು, ಅವು ಉಲ್ಲನ್ ಎಳೆಯನ್ನು ಸೀಳುತ್ತವೆ.

ಇನ್ನು 28 ಅನ್ನುವ ಆ ಲೆಕ್ಕ ಯಾರ ಕಾಲಿನದು? ವಿಡಿಯೊದವಳ ಕಾಲಿನದು. ಮೊದಲು ಅಂಗೈಯಗಲದ ಒಂದು ತುಂಡು ಹೆಣೆದು, ಇಂಚಿಗೆ ಎಷ್ಟು ಕುಣಿಕೆ ಬೀಳುತ್ತವೆ ಅಂತ ಟೇಪು ಹಿಡಿದು ನೋಡು. ನಾಲ್ಕು ಇಂಚಿಗೆ 14 ಬಂದರೆ, ಒಂಬತ್ತು ಇಂಚಿಗೆ 32 ಚೈನು ಬೇಕು. ಅಜ್ಜನ ಪಾದ ಒಂಬತ್ತೂವರೆ ಇಂಚು. ಉದ್ದದಲ್ಲಿ ಅರ್ಧ ಇಂಚು, ಸುತ್ತಳತೆಯಲ್ಲಿ ಒಂದು ಇಂಚು ಕಡಿಮೆಯೇ ಹೆಣೆಯಬೇಕು. ಉಲ್ಲನ್ ಹಿಗ್ಗುತ್ತದೆ, ಕಾಲು ಕುಗ್ಗುವುದಿಲ್ಲ.

32ರ ಮೇಲೆ ತಿರುವಿಗೆ ಒಂದು ಚೈನು ಸೇರಿಸಿಕೊಂಡು, ಬರೀ ಸಿಂಗಲ್ ಕುಣಿಕೆ ಹಾಕುತ್ತಾ ಹೋಗು. ಒಂದು ಎಚ್ಚರ: ಅಮೆರಿಕದವರು ಸಿಂಗಲ್ ಅನ್ನುವುದನ್ನೇ ಇಂಗ್ಲೆಂಡಿನವರು ಡಬಲ್ ಅನ್ನುತ್ತಾರೆ. ವಿಡಿಯೊ ಬದಲಾಯಿಸಿದಾಗೆಲ್ಲ ನಿನಗೆ ತಲೆ ಕೆಟ್ಟದ್ದು ಇದಕ್ಕೇ ಇರಬೇಕು. ಪ್ರತಿ ಕುಣಿಕೆಯ ನೆತ್ತಿಯಲ್ಲಿ ಜಡೆಯ ಹಾಗೆ ಎರಡು ಎಳೆ ಕಾಣುತ್ತವೆ. ನಿನ್ನ ಕಡೆಯದನ್ನು ಬಿಟ್ಟು ಆಚೆಯ ಎಳೆಗೆ ಮಾತ್ರ ಕಡ್ಡಿ ಹಾಕು. ಕುಂಟೆ ಹೊಡೆದ ಹೊಲದ ಹಾಗೆ ಏರುತಗ್ಗು ಬರುತ್ತದೆ, ಅದೇ ರಬ್ಬರಿನ ಹಾಗೆ ಹಿಗ್ಗಿ ಪಾದ ಹಿಡಿಯುತ್ತದೆ. ಬಟ್ಟೆಯ ಅಗಲ ಪಾದವನ್ನು ಸ್ವಲ್ಪ ಎಳೆದು ಸುತ್ತುವಷ್ಟು ಆದಾಗ ನಿಲ್ಲಿಸು. ಮೊದಲ ಸಾಲೂ ಕೊನೆಯ ಸಾಲೂ ಒಂದಕ್ಕೊಂದು ಕೂಡುವಂತೆ ಮಡಚು. ಒಂದು ಕಡೆಯ ಬಾಯಿಯನ್ನು ನೇರ ಹೊಲಿದರೆ ಹಿಮ್ಮಡಿ. ಇನ್ನೊಂದು ಬಾಯಿಗೆ ದಾರ ಪೋಣಿಸಿ ದುಡ್ಡಿನ ಚೀಲದ ಹಾಗೆ ಜಗ್ಗಿ ಕಟ್ಟಿದರೆ ಬೆರಳಿನ ತುದಿ. ಅಲ್ಲಿಂದ ಮೇಲುಗಡೆ ಅರ್ಧದವರೆಗೆ ಹೊಲಿ, ಉಳಿದದ್ದು ಕಾಲು ತೂರಿಸುವ ಬಾಯಿ. ಇದರಲ್ಲಿ ಹಿಮ್ಮಡಿ ತಿರುಗಿಸುವ ಕಷ್ಟ ಇಲ್ಲ, ಸುತ್ತು ಹೆಣಿಗೆಯೂ ಇಲ್ಲ.

ಒಂದು ಕಾಲಿನದು ಇಷ್ಟೇ. ತೊಂದರೆ ಇರುವುದು ಎರಡನೆಯದರಲ್ಲಿ.

ಮೊದಲನೆಯದನ್ನು ಹೆಣೆಯುವಾಗ ನೀನು ಉಸಿರು ಬಿಗಿಹಿಡಿದು ಎಣಿಸುತ್ತೀ. ಎರಡನೆಯದರ ಹೊತ್ತಿಗೆ ಕೈ ಪಳಗಿರುತ್ತದೆ, ಮಾತಾಡುತ್ತಾ, ಟೀವಿ ನೋಡುತ್ತಾ ಹೆಣೆಯುತ್ತೀ. ಅದೇ ದಾರ, ಅದೇ ಕಡ್ಡಿ, ಅಷ್ಟೇ ಸಾಲು, ಆದರೂ ಎರಡನೆಯದು ಒಂದು ಇಂಚು ದೊಡ್ಡದು. ನನಗೆ ಆದದ್ದೇ ಅದು. ನಾನು ಮೊದಲು ಹೆಣೆದ ಜೊತೆ ಅತ್ತೆಗೆ. ಎಡಗಾಲಿನದಕ್ಕೆ ನಾಲ್ಕು ದಿನ ಹಿಡಿಯಿತು, ಬಲಗಾಲಿನದು ನೆರೆಮನೆಯವಳ ಜೊತೆ ಹರಟುತ್ತಾ ಒಂದೇ ಸಂಜೆಗೆ ಮುಗಿಯಿತು. ಜೋಡಿಸಿ ಇಟ್ಟರೆ ತಾಯಿ ಮಗು ಕೂತ ಹಾಗೆ. ಬಿಚ್ಚಲು ಹೊತ್ತಿಲ್ಲ, ಹೆದರುತ್ತಲೇ ಕೊಟ್ಟೆ. ಅತ್ತೆಗೆ ಬಲಗಾಲು ಸದಾ ಬಾತಿರುತ್ತಿತ್ತು. ಇಬ್ಬಗೆಯ ಚೀಲಗಳನ್ನು ತಿರುಗಿಸಿ ತಿರುಗಿಸಿ ನೋಡಿ, ದೊಡ್ಡದನ್ನು ಬಾತ ಕಾಲಿಗೆ ಹಾಕಿಕೊಂಡು, "ಅಳತೆ ಹಿಡಿದು ಹೆಣೆದೀ ನೋಡು" ಅಂದರು. ನಾನು ಹೂಂ ಅಂದೆ. ಈಗಲೂ ನೆನೆದರೆ ನಾಚಿಕೆಯಾಗುತ್ತದೆ, ಆದರೂ ಹೂಂ ಅಂದದ್ದಕ್ಕೆ ಪಶ್ಚಾತ್ತಾಪ ಇಲ್ಲ.

ಅಜ್ಜನ ಕಾಲು ಬಾತಿಲ್ಲ, ಆದ್ದರಿಂದ ನಿನಗೆ ಆ ಅದೃಷ್ಟ ಇಲ್ಲ. ಎರಡನ್ನೂ ಒಟ್ಟಿಗೆ ಶುರು ಮಾಡು. ಎಡಗಾಲಿನದು ಹತ್ತು ಸಾಲು, ಬಲಗಾಲಿನದು ಹತ್ತು ಸಾಲು, ಮತ್ತೆ ಎಡಕ್ಕೆ. ಕೈ ಸಡಿಲವಾದರೆ ಎರಡರಲ್ಲೂ ಒಟ್ಟಿಗೇ ಸಡಿಲವಾಗುತ್ತದೆ. ಹತ್ತು ಸಾಲಿಗೊಮ್ಮೆ ಒಂದರ ಮೇಲೊಂದು ಇಟ್ಟು ನೋಡು. ಎಣಿಸುವಾಗ ಒಂದು ಏರಿಗೆ ಎರಡು ಸಾಲು ಅಂತ ಲೆಕ್ಕ. ಅದನ್ನು ಕ್ಯಾಲೆಂಡರಿನ ಮೇಲೆ ಬರೆದಿಡು, ತಲೆಯಲ್ಲಿ ಇಟ್ಟುಕೊಳ್ಳಬೇಡ, ನಿನಗೆ ಪರೀಕ್ಷೆ ಇದೆ.

ಅಜ್ಜನಿಗೆ ಸಕ್ಕರೆ ಕಾಯಿಲೆ ಇದೆ ಅನ್ನುವುದನ್ನೂ ಮರೆಯಬೇಡ. ಅವರ ಪಾದಕ್ಕೆ ಸ್ಪರ್ಶ ಕಡಿಮೆ, ಒಳಗೆ ಗಂಟು ಒತ್ತಿದರೂ ತಿಳಿಯುವುದಿಲ್ಲ. ಗಂಟು, ಹೊಲಿಗೆ ಎಲ್ಲ ಹೊರಮೈಗೆ ಬರಲಿ, ಚಂದ ಕೆಟ್ಟರೆ ಕೆಡಲಿ. ಬಾಯಿ ಸಡಿಲ ಇರಲಿ, ಕಣಕಾಲಿನ ಮೇಲೆ ಬರೆ ಬೀಳಬಾರದು.

ಟೈಲ್ಸ್ ಮೇಲೆ ಉಲ್ಲನ್ ಜಾರುತ್ತದೆ. ಈ ವಯಸ್ಸಿನಲ್ಲಿ ಬಿದ್ದರೆ ಸೊಂಟವೇ ಹೋಗುತ್ತದೆ, ಬೆಚ್ಚಗೆ ಮಾಡಲು ಹೋಗಿ ಮಂಚಕ್ಕೆ ಹಾಕಬಾರದು. ಅಡಿಗೆ ರಬ್ಬರಿನ ತುಂಡು ಬೇಕೇ ಬೇಕು. ಹಳೇ ಸೈಕಲ್ ಟ್ಯೂಬನ್ನು ಪಾದದ ಆಕಾರಕ್ಕೆ ಕತ್ತರಿಸಿ ಅಂಚಿಗೆ ದಬ್ಬಳದಿಂದ ತೂತು ಮಾಡಿದರೆ ಹೊಲಿಯಬಹುದು. ಒಳಗೆ ಹಾಸಲು ಮುತ್ತಜ್ಜನ ಕರೀ ಕಂಬಳಿಯ ತುಂಡು ಕಳಿಸುತ್ತಿದ್ದೇನೆ. ಆ ಕುರಿ ಉಣ್ಣೆಯಿಂದಲೇ ಹೆಣೆಯೋಣ ಅಂತ ನಾನೂ ಒಮ್ಮೆ ಹೊರಟಿದ್ದೆ. ಮಗ್ಗಕ್ಕೆಂದು ನೂತ ಎಳೆ ಒರಟು, ಕಡ್ಡಿಗೆ ಸಿಕ್ಕಿ ಹರಿಯುತ್ತದೆ, ಚುಚ್ಚುತ್ತದೆ. ಆದರೆ ನೇಯ್ದು, ಹುಣಸೆ ಬೀಜದ ಸರಿ ಹಾಕಿ, ವರ್ಷಗಟ್ಟಲೆ ಹೊದ್ದು ಮೆತ್ತಗಾದ ಕಂಬಳಿಯಷ್ಟು ಬೆಚ್ಚಗಿನದು ಇನ್ನೊಂದಿಲ್ಲ. ಮೈಲಾರದ ಗೊರವಯ್ಯಗಳು ಬಿಸಿಲಲ್ಲೂ ಅದನ್ನು ಬಿಡುವುದಿಲ್ಲ. ಬರೀ ಪಾದಕ್ಕೆ ಚುಚ್ಚದಂತೆ ಅದರ ಮೇಲೊಂದು ಹಳೇ ಪಂಚೆಯ ಬಟ್ಟೆ ಹೊಲಿ.

ಆಮೇಲೆ ನನಗೊಂದು ಜೊತೆ ಹೆಣೆಯುವ ಆಸೆ ಬಂದರೆ, ತೂತು ತೂತಿನ ಡಿಸೈನ್ ಬೇಡ. ಕಾಲುಂಗುರ ಸಿಕ್ಕಿಕೊಳ್ಳುತ್ತದೆ.

ಕಂಬಳಿ ತುಂಡಿನ ಜೊತೆ ಅಜ್ಜನ ಪಾದವನ್ನು ಪೇಪರಿನ ಮೇಲೆ ಇಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದು ಇಟ್ಟಿದ್ದೇನೆ. ಏನಕ್ಕೆ ಅಂತ ಕೇಳಿದರು, ಹೇಳಿಲ್ಲ. ಎರಡೂ ಕಾಲು ಬೇರೆ ಬೇರೆ ಬರೆದಿದ್ದೇನೆ. ಎಡಗಾಲು ಬಲಗಾಲಿಗಿಂತ ಒಂದು ಅಕ್ಕಿಕಾಳಿನಷ್ಟು ಉದ್ದ ಇದೆ.