ಏದುಸಿರಿನ ಲೆಕ್ಕ

ಕಳೆದ ತಿಂಗಳು ನಮ್ಮ ಹಾಸ್ಟೆಲಿನ ಲಿಫ್ಟ್ ಒಂಬತ್ತು ದಿನ ಕೆಟ್ಟು ನಿಂತಿತ್ತು. ನಾಲ್ಕನೇ ಮಹಡಿಯವರಾದ ನಾವು ಹತ್ತಿ ಬಂದವರೇ ಬಾಗಿಲ ಬಳಿ ಕೂತುಬಿಡ್ತಿದ್ವಿ. ಅದೇ ವಾರ ಪ್ಲೇಸ್‌ಮೆಂಟ್ ಆದವರ ಮೆಡಿಕಲ್ ರಿಪೋರ್ಟ್ ಬಂತು. ನಮ್ಮ ರೂಮಿನವನೊಬ್ಬನಿಗೆ ಖಾಲಿ ಹೊಟ್ಟೆಯ ಶುಗರ್ 108. ತೂಕ ನೋಡಿದರೆ ಬರೀ 61 ಕೆಜಿ. "ನಾನು ದಪ್ಪಾನೇ ಇಲ್ವಲ್ರೋ" ಅಂದ. ಅವನ ಅಪ್ಪನಿಗೂ ಚಿಕ್ಕಪ್ಪನಿಗೂ ಶುಗರ್ ಇದೆ. ಆ ರಾತ್ರಿ ಅವನು ಊಟ ಬಿಟ್ಟ, ನಾವು ಓದೋಕೆ ಕೂತ್ವಿ.

100ರಿಂದ 125ರವರೆಗೆ ಇದ್ದರೆ ಮಧುಮೇಹದ ಹಿಂದಿನ ಹಂತ. ಅಂದರೆ ಇನ್ನೂ ಕಾಯಿಲೆ ಅಲ್ಲ, ಆದರೆ ಸುಮ್ಮನೆ ಬಿಡುವ ಹಾಗೂ ಇಲ್ಲ. ಈ ಸಕ್ಕರೆಗೂ ಆ ಏದುಸಿರಿಗೂ ಏನು ಸಂಬಂಧ ಅನ್ನೋದೇ ನಮ್ಮ ಪ್ರಶ್ನೆ.

ಮೊದಲು ಏದುಸಿರು. ದೇಹ ಒಂದು ನಿಮಿಷಕ್ಕೆ ಹೆಚ್ಚೆಂದರೆ ಎಷ್ಟು ಆಮ್ಲಜನಕ ಬಳಸಬಲ್ಲದು ಅನ್ನೋದಕ್ಕೆ ವಿಓಟೂ ಮ್ಯಾಕ್ಸ್ ಅಂತಾರೆ. ಮೆಕ್ಯಾನಿಕಲ್‌ನವರಿಗೆ ಇದು ಪಂಪಿನ ಲೆಕ್ಕ: ಹೃದಯ ನಿಮಿಷಕ್ಕೆ ತಳ್ಳುವ ರಕ್ತ, ಗುಣಿಸು, ಪ್ರತಿ ಲೀಟರ್ ರಕ್ತದಿಂದ ದೇಹ ಹೀರಿಕೊಂಡ ಆಮ್ಲಜನಕ. ಪಂಪು ಸಣ್ಣದಾದರೂ ತೊಂದರೆ, ಕೊನೆಯಲ್ಲಿ ಬಳಸುವ ಸ್ನಾಯು ಸೋಮಾರಿಯಾದರೂ ತೊಂದರೆ.

ಸುಮ್ಮನೆ ಬಿದ್ದುಕೊಂಡರೆ ಈ ಅಂಕಿ ಎಷ್ಟು ಬೇಗ ಇಳಿಯುತ್ತೆ ಗೊತ್ತಾ? 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ 20ರ ಆಸುಪಾಸಿನ ಐವರು ಯುವಕರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಿದರು. ಸರಾಸರಿ 3.3 ಲೀಟರ್ ಇದ್ದದ್ದು 2.4ಕ್ಕೆ ಇಳಿಯಿತು. ಗರಿಷ್ಠ ಹೃದಯ ಬಡಿತ ಹೆಚ್ಚುಕಡಿಮೆ ಹಾಗೇ ಇತ್ತು, ಒಂದೊಂದು ಬಡಿತಕ್ಕೆ ಹೊರಬೀಳುವ ರಕ್ತವೇ ಕಡಿಮೆಯಾಗಿತ್ತು. 30 ವರ್ಷದ ನಂತರ ಅದೇ ಐವರನ್ನು ಮತ್ತೆ ಅಳೆದರೆ 2.9! ಅಂದರೆ ಮೂವತ್ತು ವರ್ಷದ ವಯಸ್ಸು ಮಾಡಿದ್ದಕ್ಕಿಂತ ಮೂರು ವಾರದ ಹಾಸಿಗೆ ಹೆಚ್ಚು ಹಾಳು ಮಾಡಿತ್ತು. ನಮ್ಮ ಸ್ಟಡಿ ಹಾಲಿಡೇಸ್ ನೆನಪಾಗಿ ಒಬ್ಬರ ಮುಖ ಒಬ್ಬರು ನೋಡ್ಕೊಂಡ್ವಿ. ಸಮಾಧಾನದ ವಿಷಯವೂ ಇದೆ: ಆಗ ಐವತ್ತು ದಾಟಿದ್ದ ಅವರು ಆರು ತಿಂಗಳು ತರಬೇತಿ ಮಾಡಿ ಮತ್ತೆ 1966ರ ಆರಂಭದ ಮಟ್ಟಕ್ಕೇ ಬಂದರು.

ಇನ್ನು ಸಕ್ಕರೆ. ಇನ್ಸುಲಿನ್ ಹೇಳಿದಾಗ ರಕ್ತದ ಗ್ಲೂಕೋಸ್ ಅನ್ನು ಅತಿ ಹೆಚ್ಚು ಒಳಗೆ ಎಳೆದುಕೊಳ್ಳೋದು ಸ್ನಾಯು. ಅದಕ್ಕೆ ಗ್ಲಟ್-4 ಎಂಬ ಪ್ರೋಟೀನ್ ಬಾಗಿಲಿದ್ದ ಹಾಗೆ. ಓಡಾಡದ ಸ್ನಾಯು ಇನ್ಸುಲಿನ್ ಮಾತು ಸರಿಯಾಗಿ ಕೇಳಲ್ಲ. ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಯುತ್ತೆ, ವರ್ಷಗಟ್ಟಲೆ ಸುರಿದು ದಣಿಯುತ್ತೆ. ಮಜಾ ಏನಂದ್ರೆ, ಸ್ನಾಯು ಕೆಲಸ ಮಾಡುವಾಗ ಇನ್ಸುಲಿನ್ ಕರೆಯದಿದ್ದರೂ ಈ ಬಾಗಿಲು ತೆರೆಯುತ್ತೆ. ಒಂದು ಸಲದ ವ್ಯಾಯಾಮದ ಲಾಭ ಒಂದೆರಡು ದಿನ ಉಳಿಯುತ್ತೆ, ಆಮೇಲೆ ಕರಗುತ್ತೆ. ಹಾಗಾಗಿ ಭಾನುವಾರ ಒಂದೇ ದಿನ ಮೂರು ಗಂಟೆ ಕ್ರಿಕೆಟ್ ಆಡಿ ವಾರವಿಡೀ ಕೂರೋ ನಮ್ಮ ಪದ್ಧತಿ ಅಷ್ಟಾಗಿ ನಡೆಯಲ್ಲ.

ತೆಳ್ಳಗಿದ್ದೂ ಯಾಕೆ ಹೀಗೆ? ಪುಣೆಯ ವೈದ್ಯ ಯಾಜ್ಞಿಕ್ ಮತ್ತು ಲಂಡನ್ನಿನ ಯುಡ್ಕಿನ್ ತಮ್ಮನ್ನೇ ಅಳೆದುಕೊಂಡದ್ದನ್ನು 2004ರಲ್ಲಿ ಪ್ರಕಟಿಸಿದರು. ಇಬ್ಬರ ಬಿಎಂಐ ಒಂದೇ, 22.3. ಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇ. 9.1, ಯಾಜ್ಞಿಕ್‌ಗೆ ಶೇ. 21.2. ತೂಕದ ಯಂತ್ರ ಇದನ್ನು ಹೇಳಲ್ಲ. ಟೇಪು ಸ್ವಲ್ಪ ಹೇಳುತ್ತೆ: ನಮ್ಮ ಕಡೆಯ ಗಂಡಸರಿಗೆ ಸೊಂಟದ ಮಿತಿ 90 ಸೆಂ.ಮೀ. ಅಳೆದಾಗ ನಮ್ಮವನದು 92.

ಒಂದು ಎಚ್ಚರಿಕೆ. 1953ರಲ್ಲಿ ಜೆರೆಮಿ ಮಾರಿಸ್, ಲಂಡನ್ ಬಸ್ಸುಗಳಲ್ಲಿ ಕೂತೇ ಇರುವ ಡ್ರೈವರ್‌ಗಳಿಗಿಂತ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರ್‌ಗಳಿಗೆ ಹೃದ್ರೋಗ ಕಡಿಮೆ ಅಂತ ತೋರಿಸಿದರು. ಆದರೆ ಆಮೇಲೆ ಸಮವಸ್ತ್ರದ ಅಳತೆ ತೆಗೆದರೆ ಡ್ರೈವರ್‌ಗಳ ಪ್ಯಾಂಟಿನ ಸೊಂಟವೇ ದೊಡ್ಡದು, ಕೆಲಸಕ್ಕೆ ಸೇರಿದ ಹೊಸದರಲ್ಲೂ! ಕೂತದ್ದರಿಂದ ಎಷ್ಟು, ಮೊದಲೇ ಇದ್ದದ್ದು ಎಷ್ಟು ಅಂತ ಬಿಡಿಸೋದು ಸುಲಭವಲ್ಲ. ಅಪ್ಪ, ಚಿಕ್ಕಪ್ಪನಿಂದ ಬಂದದ್ದನ್ನೂ ಮೆಟ್ಟಿಲು ಪೂರ್ತಿ ಅಳಿಸಲ್ಲ.

ಡಾಕ್ಟರು ಅವನಿಗೆ ಊಟ ಬಿಡಬೇಡ, ದಿನಾ ಅರ್ಧ ಗಂಟೆ ಬಿರುಸಾಗಿ ನಡಿ ಅಂದಿದ್ದಾರೆ. ಮೂರು ತಿಂಗಳಿಗೆ ಮತ್ತೆ ಟೆಸ್ಟು. ಲಿಫ್ಟ್ ಈಗ ರಿಪೇರಿಯಾಗಿದೆ. ಅವನು ಮೆಟ್ಟಿಲಲ್ಲೇ ಬರ್ತಾನೆ, ನಾವೂ ಮುಜುಗರಕ್ಕಾದರೂ ಜೊತೆಗೆ ಹತ್ತುತ್ತಿದ್ದೀವಿ. ಮೂರನೇ ಮಹಡಿಯಲ್ಲಿ ಇನ್ನೂ ಮಾತು ನಿಲ್ಲುತ್ತೆ.